ಬನ್ನಿಗೆ ಹೇಳಿದ ಹೆಸರು

ನಮ್ಮ ಸರ್ ಅವರ ಬಲಗೈಯ ತೋರುಬೆರಳು ಮೇಲಿನ ಗೆಣ್ಣಿನಿಂದ ಎಡಕ್ಕೆ ವಾಲಿತ್ತು. ಎಂದೋ ಚೆಂಡು ಹಿಡಿಯುವಾಗ ಮುರಿದದ್ದು, ಮತ್ತೆ ನೆಟ್ಟಗೆ ಕೂಡಿಕೊಳ್ಳಲಿಲ್ಲವಂತೆ. ಹೀಗಾಗಿ ಅವರು ಒಬ್ಬರತ್ತ ಬೆರಳು ಮಾಡಿದರೆ ಪಕ್ಕದವರು ಎದ್ದು ನಿಲ್ಲುತ್ತಿದ್ದರು. ನಾನು ಹೈಸ್ಕೂಲು ಸೇರಿದ ಮೊದಲ ವಾರ, ಮೈದಾನದಲ್ಲಿ ಸಾಲಾಗಿ ನಿಂತ ನಮ್ಮತ್ತ ಅವರು ಬೆರಳು ಚಾಚಿ "ನೀ ಬಾ ಮುಂದ" ಎಂದಾಗ ನಾನು ಮುಂದೆ ಹೋದೆ.

"ನೀ ಅಲ್ಲ, ಬಾಜೂಕಿನಾಕಿ" ಎಂದರು.

ಪಕ್ಕದಲ್ಲಿ ನಿಂತಿದ್ದವಳು ಸಿಂದಗಿ ಕಡೆಯಿಂದ ಬಂದು ಹಾಸ್ಟೆಲ್ಲಿನಲ್ಲಿದ್ದ ಎತ್ತರದ ಹುಡುಗಿ. ಅವಳು ಮುಂದೆ ಬಂದಳು. ನಾನು ತಲೆ ತಗ್ಗಿಸಿಕೊಂಡು ಹಿಂದೆ ಸರಿಯುವಷ್ಟರಲ್ಲಿ, "ಬಂದೀಯಲ್ಲ, ನಿಂದ್ರು. ಬೆರಳಿಗೆ ನೀನೂ ಕಂಡೀ ಅಂತ ಆತು" ಎಂದು ನನ್ನ ಕೈಗೆ ಚೆಂಡು ಕೊಟ್ಟರು. ನಾನು ಬ್ಯಾಸ್ಕೆಟ್‌ಬಾಲ್ ಆಡತೊಡಗಿದ್ದು ಹೀಗೆ, ಬೇರೊಬ್ಬಳಿಗೆ ಚಾಚಿದ ಬೆರಳಿನಿಂದ.

ಅವರು ಮುದ್ದೇಬಿಹಾಳದ ನಮ್ಮ ಹೈಸ್ಕೂಲಿನ ದೈಹಿಕ ಶಿಕ್ಷಕರು. ಊರಿಗೆಲ್ಲ ಪಿ.ಟಿ. ಮಾಸ್ತರು, ನಮಗೆ ಸರ್. ಹುಟ್ಟಿದ್ದು ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ. ಶಿಕ್ಷಕರ ತರಬೇತಿಗೆ ಹೋಗುವವರೆಗೂ ಬ್ಯಾಸ್ಕೆಟ್‌ಬಾಲ್ ಎಂಬ ಆಟ ಇದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬೇರೆ ಆಟಗಳು ಅವರಿಗೆ ಕಾಣಲಿಲ್ಲ. ನಮ್ಮ ಅಂಗಳ ಎರೆಮಣ್ಣಿನದು. ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಪುಟಿಸಿದ ಚೆಂಡು ಎತ್ತಲೋ ಹಾರುತ್ತಿತ್ತು. "ಇಲ್ಲಿ ಕಲ್ತಾಕಿ ಎಲ್ಲಿ ಬೇಕಾದಲ್ಲಿ ಆಡ್ತಾಳ" ಎನ್ನುತ್ತಿದ್ದರು. ಹಾಗೇನೂ ಆಗಲಿಲ್ಲ. ಸಿಮೆಂಟಿನ ಅಂಗಳದಲ್ಲಿ ಚೆಂಡು ನೇರ ಪುಟಿದು ಬಂದಾಗ ನಾವು ತಬ್ಬಿಬ್ಬಾಗುತ್ತಿದ್ದೆವು.

ಅವರ ಮನೆ ಶಾಲೆಯ ಹಿಂದಿನ ಓಣಿಯಲ್ಲಿತ್ತು. ಆಗ ಕೇಬಲ್ಲಿನ ಒಂದು ಕ್ರೀಡಾ ವಾಹಿನಿಯಲ್ಲಿ ಅಮೆರಿಕದ ವೃತ್ತಿಪರ ಲೀಗಿನ ಆಟಗಳು ಬರುತ್ತಿದ್ದವು. ಅಲ್ಲಿ ರಾತ್ರಿ ಆಡಿದ್ದು ನಮಗೆ ಮುಂಜಾನೆಗೆ ಸಿಗುತ್ತಿತ್ತು. ರವಿವಾರ ಬೆಳಗ್ಗೆ ತಂಡದ ಹುಡುಗಿಯರು ಅವರ ಮನೆಯ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕುಳಿತು ನೋಡುತ್ತಿದ್ದೆವು. ಅವರ ಹೆಂಡತಿಯನ್ನು ನಾವೆಲ್ಲ ಕಾಕು ಎನ್ನುತ್ತಿದ್ದೆವು. ಅವರು ಚಹಾ, ಚುರುಮುರಿ ಕೊಟ್ಟು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದರು. ಕುಳಿತು ನೋಡಿದ್ದನ್ನು ನಾನು ಕಂಡಿಲ್ಲ.

ಆಟ ರಂಗೇರಿದಾಗಲೇ ಕರೆಂಟ್ ಹೋಗುತ್ತಿತ್ತು. ನಾವು ಗೊಣಗುತ್ತಿದ್ದೆವು, ಸರ್‌ಗೆ ಮಾತ್ರ ಆಗಲೇ ಹುರುಪು. ಕಪ್ಪಾದ ಪರದೆಯ ಕಡೆ ಬೆನ್ನು ಮಾಡಿ ಕುಳಿತು, "ಹೂಂ, ಹೇಳ್ರಿ. ಈಗ ಅಲ್ಲೇನ್ ನಡದೈತಿ?" ಎನ್ನುತ್ತಿದ್ದರು. ಒಬ್ಬೊಬ್ಬಳೂ ಹೇಳಬೇಕು. ಯಾರು ಗೆಲ್ಲುತ್ತಾರೆ ಎಂದಷ್ಟೇ ಹೇಳಿದರೆ ಸಾಲದು. ಯಾರ ಕಾಲು ಸೋತಿದೆ, ಯಾರು ಪಾಸ್ ಕೊಡಲು ಮರೆತಿದ್ದಾರೆ, ತರಬೇತುದಾರ ಬೆಂಚಿನಿಂದ ಯಾರನ್ನು ಎಬ್ಬಿಸುತ್ತಾನೆ, ಎಲ್ಲ ಬರಬೇಕು. ಕರೆಂಟ್ ಬಂದ ಮೇಲೆ ಹೋಲಿಸಿ ನೋಡುವುದು. ನಾನು ಮನೆಯಲ್ಲೂ ತರಗತಿಯಲ್ಲೂ ಬಾಯಿ ಬಿಡುವವಳಲ್ಲ. ಆ ಅರೆಗತ್ತಲಿನ ಪಡಸಾಲೆಯಲ್ಲಿ ಮಾತ್ರ ನನ್ನ ಸರದಿ ಬಂದಾಗ ಮಾತು ತಾನಾಗಿ ಬರುತ್ತಿತ್ತು. ಕಾಣದ್ದರ ಬಗ್ಗೆ ಹೇಳುವಾಗ ಯಾರೂ ನನ್ನ ಮುಖ ನೋಡುತ್ತಿರಲಿಲ್ಲ ಎಂಬುದೂ ಒಂದು ಕಾರಣ.

ಆ ಲೀಗಿನಲ್ಲಿ ಕಪ್ ಗೆಲ್ಲುವುದು ತಂಡಗಳಾದರೆ, ಒಬ್ಬೊಬ್ಬ ಆಟಗಾರನಿಗೆ ಕೊಡುವ ಬಹುಮಾನಗಳೇ ಬೇರೆ. ವರ್ಷದ ಅತ್ಯುತ್ತಮ ಆಟಗಾರ, ಎದುರಾಳಿಯನ್ನು ಚೆನ್ನಾಗಿ ತಡೆದವ, ಹೊಸಬರಲ್ಲಿ ಮೇಲಾದವ, ಹೋದ ವರ್ಷಕ್ಕಿಂತ ಹೆಚ್ಚು ಸುಧಾರಿಸಿದವ, ಬೆಂಚಿನಿಂದ ಎದ್ದು ಬಂದು ಆಟ ತಿರುಗಿಸುವವ, ಹೀಗೆ. ವರ್ಷವಿಡೀ ಆಟ ನೋಡಿದ ಪತ್ರಕರ್ತರು ಮತ ಹಾಕಿ ಇವರನ್ನು ಆರಿಸುತ್ತಾರೆ. ಸರ್‌ಗೆ ಕಪ್ಪಿನ ಮೇಲೆ ಅಷ್ಟು ಆಸೆಯಿರಲಿಲ್ಲ. "ಕಪ್ ಗೆಲ್ಲೂದರಾಗ ದೈವ ಇರ್ತೈತಿ. ಒಬ್ಬ ಮನಷ್ಯಾನ್ನ ಇಡೀ ವರ್ಷ ನೋಡಿ ಇಂವ ಹಿಂತಾಂವ ಅನ್ನೂದೈತಲ್ಲ, ಅದು ಕಠಿಣ" ಎನ್ನುತ್ತಿದ್ದರು.

ಲೀಗು ಶುರುವಾಗುವುದು ದಸರೆಯ ಆಚೀಚೆ. ಹಾಗಾಗಿ ಅವರು ಒಂದು ಪದ್ಧತಿ ಮಾಡಿಕೊಂಡಿದ್ದರು. ವಿಜಯದಶಮಿಯ ಸಂಜೆ ನಾವು ಬನ್ನಿ ಕೊಟ್ಟು ಕಾಲು ಮುಟ್ಟಲು ಅವರ ಮನೆಗೆ ಹೋಗುತ್ತಿದ್ದೆವು. ಬನ್ನಿ ಎಲೆ ಕೈಗಿಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಸರ್" ಎಂದ ಮೇಲೆ, ಆ ವರ್ಷದ ಬಹುಮಾನಗಳು ಯಾರಿಗೆ ಎಂದು ಹೆಸರು ಹೇಳಬೇಕು. ಎಲೆ ಕೈ ಬದಲಾದ ಮೇಲೆ ಹೆಸರು ಬದಲಿಸುವ ಹಾಗಿಲ್ಲ. ಬರೆದಿಡುವಂತೆಯೂ ಇಲ್ಲ. "ಬರದಿಟ್ರ ಮರೀಲಿಕ್ಕೆ ಅನುಕೂಲ ಆಗ್ತೈತಿ. ಹೇಳಿದ್ದು ನೆನಪಿರಬೇಕು" ಎನ್ನುವರು. "ನನಗ ಅಂವ ಸೇರ್ತಾನ" ಎಂಬ ಬರೀ ಇಷ್ಟದ ಕಾರಣ ನಡೆಯುತ್ತಿರಲಿಲ್ಲ.

ಆಟಗಾರರ ಹೆಸರು ಅವರ ನಾಲಿಗೆಗೆ ಹೊರಳುತ್ತಿರಲಿಲ್ಲ. ತಾವೇ ಹೆಸರಿಟ್ಟಿದ್ದರು: ಎಡಚ, ಉದ್ದಗೈಯವ, ಮುನಿಸಿನಾಂವ. ಅವರ ಊಹೆಗಳು ಹೆಚ್ಚಾಗಿ ತಪ್ಪುತ್ತಿದ್ದವು. ಅದರಲ್ಲೂ 'ಹೆಚ್ಚು ಸುಧಾರಿಸಿದವ' ಎಂಬ ಬಹುಮಾನಕ್ಕೆ ಅವರು ಹೇಳಿದ ಹೆಸರು ಒಂದು ಸಲವೂ ಬರಲಿಲ್ಲ. ಇಡೀ ಲೀಗಿನಲ್ಲಿ ಅತಿ ಕಳಪೆಯಾಗಿ ಆಡಿದವನನ್ನು ಹುಡುಕಿ ಅವನ ಹೆಸರು ಹೇಳುತ್ತಿದ್ದರು.

"ಯಾಕ್ರಿ ಸರ್ ಅಂವ?" ಎಂದರೆ, "ಇಷ್ಟ ಕೆಟ್ಟ ಆಡಿದಾಂವ ಇನ್ನ ಸುಧಾರಿಸೂದು ಬಿಟ್ಟು ಏನ್ ಮಾಡ್ಯಾನು?"

ಬಾಗಿಲಿಗೆ ಒರಗಿದ್ದ ಕಾಕು, "ಮಾಸ್ತರಕಿ ಮಾಡಿ ಮಾಡಿ ಹಿಂಗಾಗ್ಯಾರ ಇವರು. ಫೇಲಾದವ್ರು ಕಂಡ್ರ ಜೀವಾ ಬಿಡ್ತಾರ" ಎನ್ನುತ್ತಿದ್ದರು. ಕಾಕುವಿನ ಊಹೆಗಳು ಸರ್ ಅವರ ಊಹೆಗಳಿಗಿಂತ ಹೆಚ್ಚು ನಿಜವಾಗುತ್ತಿದ್ದವು. ಅವರು ಆಟವನ್ನಲ್ಲ, ಬೆಂಚನ್ನು ನೋಡುತ್ತಿದ್ದರು. "ಆ ಮೂಲ್ಯಾಗ ಕುಂತಾಂವನ್ನ ನೋಡು. ಬೆವರು ಒರಸಿದ ಟಾವೆಲ್ ಮಡಚಿ ಇಡ್ತಾನ. ಅಂವಗ ಬರ್ತೈತಿ ಬಿಡು." ಬರುತ್ತಿತ್ತು. ಸರ್ ಎರಡು ದಿನ ಮಾತಾಡುತ್ತಿರಲಿಲ್ಲ.

ಬಹುಮಾನಗಳೆಲ್ಲ ಪ್ರಕಟವಾಗಿ ಮುಗಿಯುವ ಹೊತ್ತಿಗೆ ಕಾರಹುಣ್ಣಿಮೆ ಬರುತ್ತಿತ್ತು. ನಮ್ಮ ಕಡೆ ಅಂದು ಎತ್ತುಗಳನ್ನು ಓಡಿಸಿ, ಅಡ್ಡ ಕಟ್ಟಿದ ಕರಿಯ ಹಗ್ಗ ಹರಿಸುತ್ತಾರೆ. ಕೆಂಪೆತ್ತು ಮುಂದಾದರೆ ಮುಂಗಾರಿ ಬೆಳೆ ಚಲೋ, ಬಿಳಿಯೆತ್ತು ಮುಂದಾದರೆ ಹಿಂಗಾರಿ ಚಲೋ ಎಂದು ಲೆಕ್ಕ. ಅಂದು ಹೋಳಿಗೆ ಊಟಕ್ಕೆ ಅವರ ಮನೆಯಲ್ಲಿ ಕುಳಿತು ಬನ್ನಿಗೆ ಹೇಳಿದ್ದೆಲ್ಲ ಒಪ್ಪಿಸುತ್ತಿದ್ದೆವು. ಸರ್ ಪ್ರತಿ ಸಲ ಒಂದೇ ದೂರು ಹೇಳುತ್ತಿದ್ದರು: "ಎತ್ತು ಹೇಳಿದ್ದು ಸುಳ್ಳಾದ್ರ ಯಾರೂ ಎತ್ತಿನ್ನ ಕೇಳೂದಿಲ್ಲ. ನನ್ನನ್ನ ಮಾತ್ರ ಎಲ್ಲಾರೂ ಕೇಳ್ತೀರಿ."

ಇದೆಲ್ಲ ದೂರದ ದೇಶದ ಬಹುಮಾನಗಳ ಮಾತು. ಅವರೇ ಕೈಯಾರೆ ಕೊಡಬೇಕಾದ ಬಹುಮಾನವೂ ಒಂದಿತ್ತು. ಪ್ರತಿ ವರ್ಷ ಗ್ಯಾದರಿಂಗಿನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ವರ್ಷದ ಆಟಗಾರ್ತಿ ಎಂದು ಒಬ್ಬಳಿಗೆ ಒಂದು ಸ್ಟೀಲಿನ ಬಟ್ಟಲು. ಅದನ್ನು ಆರಿಸುವವರು ಅವರೊಬ್ಬರೇ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಆ ಬಟ್ಟಲಿನ ಮೇಲೆ ನನ್ನ ಆಟವೇ ನಿಂತಿತ್ತು. ಅಪ್ಪ ತಹಶೀಲ್ದಾರ ಕಚೇರಿಯಲ್ಲಿ ಗುಮಾಸ್ತರು. ಮುಂದಿನ ವರ್ಷ ಹತ್ತನೆಯದು, ಓದು ಬಿಟ್ಟು ಚೆಂಡಿನ ಹಿಂದೆ ಓಡುವುದು ಅವರಿಗೆ ಬೇಡವಾಗಿತ್ತು. "ನೋಡು, ಬಹುಮಾನ ಬಂತಂದ್ರ ಆಡು, ನಾ ಏನೂ ಅನ್ನೂದಿಲ್ಲ. ಬರಲಿಲ್ಲಂದ್ರ ಬಂದ್. ಆಮ್ಯಾಗ ಅಳಬ್ಯಾಡ" ಎಂದಿದ್ದರು. ಅಪ್ಪ ಹೇಳಿದ ಮಾತಿಗೆ ನಿಲ್ಲುವವರು. ನಾನು ಇದನ್ನು ಸರ್‌ಗೆ ಹೇಳಿದೆ. ಅವರು ಹೂಂ ಎಂದರು, ಅಷ್ಟೆ.

ಆ ವರ್ಷ ನಮ್ಮ ತಂಡ ತಾಲ್ಲೂಕು ಗೆದ್ದು ಜಿಲ್ಲಾ ಮಟ್ಟಕ್ಕೆ ಹೋಯಿತು. ದಸರೆ ಮುಗಿದ ಮೇಲೆ ಆಟಗಳು ಬಸವನ ಬಾಗೇವಾಡಿಯಲ್ಲಿ. ಫೈನಲ್ ಇಂಡಿಯವರ ಜೊತೆ. ಅವರ ತಂಡದಲ್ಲಿ ನಮಗಿಂತ ಗೇಣುದ್ದ ಎತ್ತರದ ಒಬ್ಬಳಿದ್ದಳು. ಸಿಂದಗಿಯ ಹುಡುಗಿ ಅವಳ ಮುಂದೆ ನಿಂತಳು. ನಾನು ಬುಟ್ಟಿಗೆ ಹಾಕಿದೆ. ಹಾಕಿದ್ದೆಲ್ಲ ಬಿತ್ತು. ನಾವು ಗೆದ್ದೆವು. ತಿರುಗಿ ಬರುವಾಗ ಬಸ್ಸಿನಲ್ಲಿ ಹುಡುಗಿಯರೆಲ್ಲ ನನ್ನ ಹೆಸರು ಕೂಗುತ್ತಿದ್ದರು. ಸಿಂದಗಿಯವಳು ಮೊಣಕಾಲಿಗೆ ಕರವಸ್ತ್ರ ಕಟ್ಟಿಕೊಂಡು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಸರ್ ಮುಂದಿನ ಸೀಟಿನಿಂದ ಒಂದು ಸಲ ತಿರುಗಿ ನೋಡಿದರು. ಬಟ್ಟಲು ನನ್ನದೆಂದು ನನಗೆ ಆಗಲೇ ಖಾತ್ರಿಯಾಗಿತ್ತು.

ಗ್ಯಾದರಿಂಗಿನ ದಿನ ಅಪ್ಪನೂ ಬಂದು ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದರು. ಸರ್ ಮೈಕಿನ ಮುಂದೆ ನಿಂತು ಸಿಂದಗಿಯ ಹುಡುಗಿಯ ಹೆಸರು ಕರೆದರು. ಬೆರಳು ಮಾಡದೆ, ಹೆಸರು ಹಿಡಿದೇ ಕರೆದರು. ತಪ್ಪು ತಿಳಿಯಲು ಜಾಗವಿರಲಿಲ್ಲ. ಅವಳಿಗೂ ನಂಬಿಕೆಯಾಗದೆ ಮೊದಲು ನನ್ನ ಮುಖ ನೋಡಿದಳು.

ಅಪ್ಪ ತಮ್ಮ ಮಾತನ್ನು ನೆನಪಿಸಬೇಕಾಗಿರಲಿಲ್ಲ. ನಾನು ಬೂಟುಗಳನ್ನು ತೊಳೆದು, ಒಣಗಿಸಿ, ಅಟ್ಟದ ಮೇಲಿಟ್ಟೆ. ರವಿವಾರದ ಪಡಸಾಲೆಗೂ ಹೋಗಲಿಲ್ಲ. ಆ ಕಾರಹುಣ್ಣಿಮೆಗೂ ಹೋಗಲಿಲ್ಲ. ಶಾಲೆಯಲ್ಲಿ ಎದುರಾದಾಗ ನಮಸ್ಕಾರ ಮಾಡುತ್ತಿದ್ದೆ. ಅವರೂ ತಿರುಗಿ ನಮಸ್ಕಾರ ಮಾಡುತ್ತಿದ್ದರು. ಮುಂದಿನ ವರ್ಷದ ಆಟಗಳು ನಾನಿಲ್ಲದೆ ಬಂದು ಹೋದವು. ನಮ್ಮ ಶಾಲೆ ತಾಲ್ಲೂಕಿನಲ್ಲೇ ಸೋತಿತು.

ವಿಜಯದಶಮಿ ಬಂತು. ಚಿಕ್ಕವರು ದೊಡ್ಡವರ ಮನೆಗೆ ಬನ್ನಿ ಕೊಡಲು ಹೋಗುವುದು ಪದ್ಧತಿ. ದೊಡ್ಡವರು ಮನೆಯಲ್ಲಿ ಕುಳಿತಿರುತ್ತಾರೆ. ನಾನು ಅವರ ಓಣಿಯೊಂದನ್ನು ಬಿಟ್ಟು ಎಲ್ಲ ಕಡೆ ಹೋಗಿ ಬಂದು ಅಡಿಗೆಮನೆಯಲ್ಲಿದ್ದೆ. ಹೊರಗೆ ಅಪ್ಪನ ದನಿ ಕೇಳಿಸಿತು.

"ಅರೆ, ಮಾಸ್ತರ್ರ, ನೀವ್ಯಾಕ ಬರಾಕ ಹೋದ್ರಿ? ನಾವ ಬರ್ತಿದ್ವಲ್ರೀ."

"ಬರ್ತೀರೇನೋ ಅಂತ ಕುಂತಿದ್ದೆ. ಹೊತ್ತು ಮುಣುಗಾಕ ಬಂತು. ತಂಗಿ ಅದಾಳೇನ್ರಿ?"

ನಾನು ಹೊರಗೆ ಬಂದೆ. ಅವರು ಎದ್ದು ನಿಂತರು. ಬಿಳಿ ಅಂಗಿಯ ಜೇಬಿನಿಂದ ಬನ್ನಿ ಎಲೆ ತೆಗೆದು ನನ್ನ ಅಂಗೈಯಲ್ಲಿಟ್ಟು, ನಾನು ಹೇಳಬೇಕಾದ ಮಾತನ್ನು ತಾವೇ ಹೇಳಿದರು: "ಬನ್ನಿ ತಗೊಂಡು ಬಂಗಾರದಂಗ ಇರೋಣು." ನನಗೆ ಕಾಲು ಮುಟ್ಟಲೂ ತೋಚಲಿಲ್ಲ.

ಚಹಾ ಬಂತು. ಅವರು ಅಪ್ಪನಿಗಲ್ಲ, ನನಗೇ ಹೇಳಿದರು.

"ಹ್ವಾದ ವರ್ಷ ಬನ್ನಿ ದಿನ ನಿಮ್ಮ ಕಾಕುನ ಮುಂದ ನಾ ಒಂದು ಹೆಸರು ಹೇಳಿದ್ದೆ. ನಮ್ಮ ಸಾಲಿ ಬಟ್ಟಲು ಈ ವರ್ಷ ಯಾರಿಗೆ ಬರ್ತೈತಿ ಅಂತ. ಯಾರ ಹೆಸರು ಗೊತ್ತೈತೇನು? ನಿಂದು."

ನಾನು ಬನ್ನಿ ಎಲೆಯನ್ನು ಬೆರಳಲ್ಲಿ ಹೊರಳಿಸಿದೆ.

"ಆಮ್ಯಾಲ ವರ್ಷೆಲ್ಲಾ ನೋಡಿದೆ. ನೀ ಬುಟ್ಟಿಗೆ ಹಾಕಿ ಒಂದು ಗಳಿಗಿ ನಿಂತು ನೋಡ್ತಿದ್ದಿ, ಬಿತ್ತೋ ಇಲ್ಲೋ ಅಂತ. ಬೀಳ್ತಿತ್ತು, ಸುಳ್ಳಲ್ಲ. ನೀ ನೋಡ್ಕೋತ ನಿಂತಾಗ ನಿನ್ನ ಜಾಗಾಕ್ಕ ಯಾರು ಓಡ್ತಿದ್ರು, ಅದನ್ನ ನೋಡೀಯೇನು?"

ನಾನು ನೋಡಿರಲಿಲ್ಲ. ಆದರೆ ಅವರು ಕೇಳಿದ ಕೂಡಲೇ ಕಂಡಿತು. ಬಾಗೇವಾಡಿಯ ಅಂಗಳ, ನನ್ನ ಎಡಕ್ಕೆ ಹಿಂದಕ್ಕೆ ಓಡುವ ಹೆಜ್ಜೆ ಸಪ್ಪಳ, ಬಸ್ಸಿನಲ್ಲಿ ಕರವಸ್ತ್ರ ಕಟ್ಟಿದ ಮೊಣಕಾಲು.

"ನಿಮ್ಮಪ್ಪಾರು ಆಟ ಬಂದ್ ಮಾಡ್ತಾರನ್ನೂದೂ ನನಗ ಗೊತ್ತಿತ್ತು. ಎರಡು ದಿನ ನಿದ್ದಿ ಬರಲಿಲ್ಲ. ಖರೇ ಹೇಳ್ತೇನಿ. ಆದ್ರ ತಂಗಿ, ಹೇಳೂದು ಬ್ಯಾರೆ, ಕೊಡೂದು ಬ್ಯಾರೆ. ಹೇಳೂವಾಗ ನಮ್ಮ ಆಸೆ ಹೇಳಬಹುದು. ಕೊಡೂವಾಗ ಕಂಡಿದ್ದನ್ನ ಕೊಡಬೇಕು. ನನ್ನ ಮಾತ ಸುಳ್ಳಾತಂತ ಆಟಾ ತಿದ್ದಾಕ ಬರ್ತೈತೇನು?"

ಅಪ್ಪ ಬಸಿಯಲ್ಲಿದ್ದ ಚಹಾ ಕುಡಿಯದೆ ಹಿಡಿದುಕೊಂಡು ಕುಳಿತಿದ್ದರು. ಅದನ್ನು ಕೆಳಗಿಟ್ಟು, "ಹತ್ತನೇದು ಮುಗೀಲ್ರಿ ಮಾಸ್ತರ್ರ. ಆಮ್ಯಾಲ ಆಡ್ಲಿ" ಎಂದರು.

"ಆಟಕ್ಕ ಕರಿಯಾಕ ಬಂದಿಲ್ರೀ ನಾ. ಐತವಾರ ಮುಂಜಾನಿ ಕಳಸ್ರಿ, ಸಾಕು. ಹೇಳಾಕ ಮಂದಿ ಕಮ್ಮಿ ಬಿದ್ದಾರ."

"ಏನ್ ಹೇಳಾಕ? ಇಕಿ ಮನ್ಯಾಗ ಬಾಯೇ ಬಿಡೂದಿಲ್ಲಲ್ರೀ."

ಸರ್ ನಕ್ಕರು. "ಕರೆಂಟ್ ಹೋದಾಗ ಬರ್ರಿ ಒಂದಿನ, ಕೇಳೀರಂತ." ಆಮೇಲೆ ನನ್ನ ಕಡೆ ಆ ಸೊಟ್ಟ ಬೆರಳು ಮಾಡಿ, "ಈ ವರ್ಷ ಅಡ್ಡ ನಿಲ್ಲಾಂವ ಯಾರು?" ಎಂದರು. ಎದುರಾಳಿಯನ್ನು ತಡೆಯುವವನಿಗೆ ಅವರಿಟ್ಟ ಹೆಸರು ಅದು. ಬೆರಳು ಅಪ್ಪನತ್ತ ತಿರುಗಿತ್ತು. ಅಪ್ಪ ಗಾಬರಿಯಾಗಿ ನನ್ನನ್ನು ನೋಡಿದರು.

ನಾನು ಒಂದು ಹೆಸರು ಹೇಳಿದೆ, ಕಾರಣವನ್ನೂ ಹೇಳಿದೆ. ಎಷ್ಟೋ ತಿಂಗಳ ಮೇಲೆ ನನ್ನ ದನಿ ನನಗೇ ಕೇಳಿಸಿದಂತಾಯಿತು. ಮುಂದಿನ ರವಿವಾರ ಪಡಸಾಲೆಯಲ್ಲಿ ಸಿಂದಗಿಯವಳ ಪಕ್ಕ ಕುಳಿತೆ. ಅವಳು ಜಮಖಾನೆಯ ಮೇಲೆ ಜರುಗಿ ಜಾಗ ಮಾಡಿಕೊಟ್ಟಳು.

ಹತ್ತನೆಯದು ಮುಗಿದ ಮೇಲೆ ಅಪ್ಪ ಕೊಟ್ಟ ಮಾತಿನಂತೆ ಬೂಟು ಇಳಿಸಿಕೊಟ್ಟರು. ಕಾಲಿಗೆ ಹಿಡಿಯಲಿಲ್ಲ. ಹೊಸವನ್ನು ಕೊಡಿಸಿದರು. ಕಾಲೇಜಿನಲ್ಲಿ ಆಡಿದೆ, ದೊಡ್ಡ ಆಟಗಾರ್ತಿಯೇನೂ ಆಗಲಿಲ್ಲ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದೆ. ಅಲ್ಲಿಂದಲೂ ಬನ್ನಿಯ ದಿನ ಫೋನ್ ಮಾಡುತ್ತಿದ್ದೆ. ಹಿಂದಿನ ವರ್ಷಗಳ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ನಾನು ಹೇಳಿದ ಹೆಸರುಗಳು ಬರುಬರುತ್ತ ಹೆಚ್ಚು ನಿಜವಾಗತೊಡಗಿದವು.

"ನಿನ್ನ ಲೆಕ್ಕ ಏನಂತೈತಿ?" ಎಂದು ಮೊದಲು ಕೇಳಿಕೊಂಡು, ಬೇಕೆಂದೇ ಬೇರೆ ಹೆಸರು ಹೇಳುತ್ತಿದ್ದರು. "ಲೆಕ್ಕಕ್ಕ ಕಣ್ಣಿಲ್ಲ, ನನಗ ಲೆಕ್ಕ ಬರೂದಿಲ್ಲ. ಇಬ್ರೂ ಕೂಡಿದ್ರ ಒಬ್ಬ ಮನಷ್ಯಾ ಆಗ್ತಾನ." ಹಿಂದಿನಿಂದ ಕಾಕುವಿನ ದನಿ: "ಟಾವೆಲ್ ಮಡಚಾಂವ ಈ ವರ್ಷ ಯಾವ ತಂಡದಾಗದಾನ ಕೇಳ್ರಿ."

ಓದು ಮುಗಿಸಿ ನಾನು ಇಂಡಿಯ ಕಾಲೇಜೊಂದರಲ್ಲಿ ಉಪನ್ಯಾಸಕಿಯಾದೆ. ಆಟ ಗೊತ್ತೆಂದು ಕ್ರೀಡಾ ಸಮಿತಿಗೆ ಹಾಕಿದರು. ವರ್ಷದ ಆಟಗಾರ್ತಿಯನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಹೋದ ದಸರೆಗೆ ಮುದ್ದೇಬಿಹಾಳಕ್ಕೆ ಹೋಗಿದ್ದೆ. ಸರ್ ನಿವೃತ್ತರಾಗಿದ್ದರು. ಮೂತ್ರಪಿಂಡದ ತೊಂದರೆಯಿಂದ ಮುಖ ಊದಿಕೊಂಡಿತ್ತು. ಬನ್ನಿ ಕೊಟ್ಟೆ. ಲೀಗಿನ ಹೆಸರುಗಳೆಲ್ಲ ಆದವು. ಅಡ್ಡ ನಿಲ್ಲುವವನ ಬಹುಮಾನಕ್ಕೆ ಅವರು ಹೇಳಿದ್ದು ವರ್ಷಗಳಿಂದ ಹೇಳುತ್ತ ಬಂದ ಹೆಸರನ್ನೇ. ಆಟಗಾರನಿಗೆ ವಯಸ್ಸಾಗಿತ್ತು, ಒಮ್ಮೆಯೂ ಅದು ಅವನಿಗೆ ಬಂದಿರಲಿಲ್ಲ. ಆಮೇಲೆ, "ನಿಮ್ಮ ಕಾಲೇಜಿನಾಗ ಯಾರು?" ಎಂದರು.

ನಾನು ಒಬ್ಬ ಹುಡುಗಿಯ ಹೆಸರು ಹೇಳಿದೆ. ಚಡಚಣದ ಹತ್ತಿರದ ಹಳ್ಳಿಯವಳು, ದ್ರಾಕ್ಷಿ ತೋಟದಲ್ಲಿ ದುಡಿಯುವವರ ಮನೆಯ ಮಗಳು. ಮಾತು ಕಡಿಮೆ. ಚೆಂಡು ಅವಳ ಕೈಗೆ ಬಂದರೆ ನನಗೆ ಎದ್ದು ನಿಲ್ಲಬೇಕೆನಿಸುತ್ತಿತ್ತು.

"ಕಾರಣ?"

ನಾನು ಏನೋ ಹೇಳಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, "ಹೂಂ, ಆಕಿ ನಿನಗ ಸೇರ್ತಾಳ" ಎಂದರು.

ಸಂಕ್ರಾಂತಿ ಕಳೆದ ಮೇಲೆ ವಿಜಯಪುರದ ಆಸ್ಪತ್ರೆಯಲ್ಲಿದ್ದಾರೆಂದು ಗೊತ್ತಾಗಿ ಹೋದೆ. ಆಮ್ಲಜನಕದ ಅಳತೆಗೆ ಬೆರಳಿಗೆ ಹಾಕುವ ಕ್ಲಿಪ್ಪು ಆ ಸೊಟ್ಟ ಬೆರಳಿಗೆ ಕೂಡದೆ, ನರ್ಸ್ ಅದನ್ನು ನಡುಬೆರಳಿಗೆ ಸಿಕ್ಕಿಸಿದ್ದಳು. ಅದನ್ನು ನನಗೆ ತೋರಿಸಿ, "ಇಲ್ಲೂ ಬಾಜೂಕಿನಾಂವಗ ಹೋತು ನೋಡು ಬಹುಮಾನ" ಎಂದರು. ಕಾಕು ಕಿಟಕಿಯ ಕಡೆ ತಿರುಗಿದರು.

"ನನ್ನ ಅಡ್ಡ ನಿಲ್ಲಾಂವಗ ಬರ್ತೈತೇನು ಈ ಸಲ?" ಎಂದರು ಸರ್.

ಬರುತ್ತದೆ ಎನ್ನಬಹುದಿತ್ತು. "ಬರೂದಿಲ್ಲ ಅನಸ್ತೈತ್ರಿ ಸರ್. ಅರ್ಧ ಆಟ ಅಂವ ಆಡೇ ಇಲ್ಲ" ಎಂದೆ.

ಅವರು ನನ್ನತ್ತ ತಿರುಗಿದರು. ಮುಖದಲ್ಲಿ ಬೇಸರವಿರಲಿಲ್ಲ. "ಕಲ್ತಿ" ಎಂದರು.

ಶಿವರಾತ್ರಿಗೆ ಮೊದಲೇ ಹೋದರು. ಅಗರಖೇಡದಲ್ಲಿ ಮಣ್ಣು ಮಾಡಿದರು. ಸಿಂದಗಿಯವಳು ಈಗ ಪೊಲೀಸ್ ಇಲಾಖೆಯಲ್ಲಿದ್ದಾಳೆ. ಸಮವಸ್ತ್ರದಲ್ಲೇ ಬಂದಿದ್ದಳು. ಜನರ ನೂಕಾಟದಲ್ಲಿ ಕಾಕುವಿಗೆ ಯಾರೂ ತಾಗದಂತೆ ಎರಡೂ ಕೈ ಅಗಲಿಸಿ ಅಡ್ಡ ನಿಂತಿದ್ದಳು, ಕೊನೆಯವರೆಗೂ.

ಮಾರ್ಚಿನಲ್ಲಿ ನಮ್ಮ ಕಾಲೇಜಿನ ಬಹುಮಾನದ ಹೊತ್ತು ಬಂತು. ನಾನು ವರ್ಷದ ಆಟಗಳನ್ನೆಲ್ಲ ನೆನಪಿಗೆ ತಂದುಕೊಂಡೆ, ಕರೆಂಟ್ ಹೋದ ಪಡಸಾಲೆಯಲ್ಲಿ ಕುಳಿತಂತೆ. ಚಡಚಣದ ಹುಡುಗಿ ಕಣ್ಣ ಮುಂದೆ ಬರುತ್ತಿರಲಿಲ್ಲ. ಮತ್ತೆ ಮತ್ತೆ ಇನ್ನೊಬ್ಬಳು ಬರುತ್ತಿದ್ದಳು, ನಾನು ವರ್ಷವಿಡೀ ಸರಿಯಾಗಿ ನೋಡಿರದ ಒಬ್ಬಳು. ಅವಳ ಹೆಸರನ್ನೇ ಕೊಟ್ಟೆ. ಅಂದಿನಿಂದ ಚಡಚಣದ ಹುಡುಗಿ ಎದುರಾದರೆ ನಮಸ್ಕಾರ ಮಾಡುತ್ತಾಳೆ, ನಿಲ್ಲುವುದಿಲ್ಲ. ಆ ನಮಸ್ಕಾರ ನನಗೆ ಗೊತ್ತಿರುವಂಥದ್ದು.

ಕಾರಹುಣ್ಣಿಮೆಗೆ ಕಾಕುವಿನ ಮನೆಗೆ ಹೋದೆ. ಸೂತಕದ ವರ್ಷವೆಂದು ಹೋಳಿಗೆ ಮಾಡಿರಲಿಲ್ಲ. ಅನ್ನ, ಸಾರು. ಬನ್ನಿಗೆ ಹೇಳಿದ್ದನ್ನೆಲ್ಲ ಒಪ್ಪಿಸಿದೆವು. ಸರ್ ಹೇಳಿದ ಅಡ್ಡ ನಿಲ್ಲುವವನಿಗೆ ಈ ಸಲವೂ ಬರಲಿಲ್ಲ ಎಂದೆ.

"ಹೋಗ್ಲಿ ಬಿಡು. ಮತಾ ಹಾಕಾವ್ರಿಗೇನು ಗೊತ್ತಾಗ್ತೈತಿ" ಎಂದರು ಕಾಕು.

"ನಾ ಹೇಳಿದ್ದೂ ಸುಳ್ಳಾತ್ರಿ ಕಾಕು. ಬಹುಮಾನ ಬ್ಯಾರೇದಾಕೀಗೆ ಕೊಟ್ಟೆ."

ಕಾಕು ನನ್ನ ತಾಟಿಗೆ ಇನ್ನಷ್ಟು ಅನ್ನ ಹಾಕಿದರು. "ನೀ ಹೆಸರು ಹೇಳಿದ್ದ ಆ ಹುಡುಗಿ ಮನಿ ಎಲ್ಲಿ ಬರ್ತೈತಿ?" ಎಂದಷ್ಟೇ ಕೇಳಿದರು.

ಚಡಚಣಕ್ಕೆ ಹೋಗಿ, ಅಲ್ಲಿಂದ ಆಟೊ ಹಿಡಿಯಬೇಕು. ಯಾರ ಮನೆಗೂ ನಾನಾಗಿ ಹೋಗುವ ಅಭ್ಯಾಸ ನನಗಿಲ್ಲ. ವಿಜಯದಶಮಿಗೆ ಈಗ ಇನ್ನು ಎರಡು ವಾರವಿದೆ. ಹೊತ್ತು ಮುಳುಗುವವರೆಗೆ ಕಾಯುವುದು ಬೇಡ, ಅಂದು ಮಧ್ಯಾಹ್ನವೇ ಬನ್ನಿ ಹಿಡಿದು ಹೊರಡಬೇಕು ಎಂದುಕೊಂಡಿದ್ದೇನೆ.